ಮೂರು ಚೊಂಬಿನ ಮಳೆ

ದೊಡ್ಡವೆಂಕಟಮ್ಮಜ್ಜಿಯನ್ನು ನಮ್ಮೂರಿಗೆ ಸೊಸೆಯಾಗಿ ತಂದದ್ದು ಅವರ ತಲೆಯನ್ನು ನೋಡಿ. ಮುಖವನ್ನಲ್ಲ, ತಲೆಯನ್ನು.

ಅವರ ತವರು ದೇವರಾಯಸಮುದ್ರದ ಕಡೆ. ಚಿಕ್ಕಂದಿನಲ್ಲಿ ಅಲ್ಲಿ ಒಮ್ಮೆ ಮಳೆರಾಯನನ್ನು ಹೊತ್ತಿದ್ದರು. ಮಳೆರಾಯ ಎಂದರೆ ಕೆರೆಮಣ್ಣಿನಲ್ಲಿ ಮಾಡಿದ ಅಂಗೈಯಗಲದ ಬೊಂಬೆ. ಮಳೆ ಕೈಕೊಟ್ಟ ವರ್ಷ ಅದನ್ನು ಮಣೆಯ ಮೇಲೆ ಕೂರಿಸಿ, ಗರಿಕೆ, ತುಂಬೆ ಹೂ ಸಿಕ್ಕಿಸಿ, ಯಾರದಾದರೂ ತಲೆಯ ಮೇಲಿಟ್ಟು ಮನೆಮನೆಗೆ ಕರೆದುಕೊಂಡು ಹೋಗುತ್ತಾರೆ. ಪ್ರತಿ ಮನೆಯವರೂ ಬೊಂಬೆಯ ಮೇಲೆ ನೀರು ಸುರಿದು, ಒಂದಿಷ್ಟು ರಾಗಿ ಹಿಟ್ಟು ಕೊಡುತ್ತಾರೆ. ನೀರು ಬೀಳುವುದು ದೇವರ ಮೇಲೆ, ನಡುಗುವುದು ಹೊತ್ತವರು. ಸಾಮಾನ್ಯವಾಗಿ ಗಂಡು ಹುಡುಗರು ಹೊರುತ್ತಾರೆ. ಆ ವರ್ಷ ಹೊರಬೇಕಾದವನಿಗೆ ಭೇದಿ ಹಿಡಿದಿತ್ತಂತೆ. ಕೈಗೆ ಸಿಕ್ಕಿದ್ದು ಈ ಹುಡುಗಿ. ಕೊನೆಯ ಮನೆ ದಾಟುವ ಮೊದಲೇ ಮಳೆ ಸುರಿಯಿತು ಎಂದು ಅಜ್ಜಿ ಹೇಳುತ್ತಾರೆ. ಆ ಊರಿನ ಇನ್ನೊಬ್ಬರನ್ನು ಕೇಳಿದೆ. "ಸುರೀತು, ಆದ್ರೆ ಮಾರನೇ ದಿನ" ಎಂದರು. ಎರಡನ್ನೂ ಇಲ್ಲಿ ಬರೆದಿದ್ದೇನೆ.

ಈ ಸುದ್ದಿ ನಮ್ಮೂರಿನ ಕದಿರಪ್ಪನವರ ಕಿವಿಗೆ ಬಿತ್ತು. ನಮ್ಮೂರು ಬೈರಕೂರಿನ ಹತ್ತಿರ ಒಂದು ಸಣ್ಣ ಊರು. ಕದಿರಪ್ಪನವರಿಗೆ ಬೆಳೆಯುತ್ತಿದ್ದ ಒಬ್ಬ ಮಗನಿದ್ದ, ಮಳೆಯನ್ನೇ ನಂಬಿದ ಹೊಲವಿತ್ತು. ಹುಡುಗಿ ದೊಡ್ಡವಳಾಗುವವರೆಗೆ ತಾಳ್ಮೆಯಿಂದ ಕಾದು, ಹೋಗಿ ಹೆಣ್ಣು ಕೇಳಿದರು. ವರದಕ್ಷಿಣೆ ಏನೂ ಬೇಡ, ತಲೆ ಬಂದರೆ ಸಾಕು ಎಂದರಂತೆ. ಆ ಮಗನೇ ವೆಂಕಟರಾಯಪ್ಪ ತಾತ.

"ನಮ್ಮಪ್ಪ ನಂಗೆ ಹೆಂಡ್ತಿ ತರಲಿಲ್ಲ, ಹೊಲಕ್ಕೆ ಪಂಪ್‌ಸೆಟ್ ತಂದ" ಎಂದು ತಾತ ಇವತ್ತಿಗೂ ಹೇಳುತ್ತಾರೆ. "ಅದೂ ಸ್ಟಾರ್ಟ್ ಆಗ್ದೇ ಇರೋದು."

ಅಜ್ಜಿ ಮದುವೆಯಾಗಿ ಬಂದ ಮೇಲೂ ಊರಿಗೆ ಮಳೆರಾಯನನ್ನು ಹೊರುವುದು ಅವರ ಕೆಲಸವೇ ಆಯಿತು. ಮಕ್ಕಳಾದವು, ಮಕ್ಕಳ ಮದುವೆಗಳಾದವು, ಕೂದಲು ಬೆಳ್ಳಗಾಯಿತು, ತಲೆಯ ಹೆಸರು ಮಾತ್ರ ಹಾಗೇ ಉಳಿಯಿತು. ಆದರೆ ಕರೆದಾಗಲೆಲ್ಲ ಹೊರುವವರಲ್ಲ ಅವರು. ಊರಿನವರು ಬಂದು ಕೇಳಿದರೆ ಮೊದಲು "ಇವತ್ತು ಬೇಡ" ಎನ್ನುತ್ತಾರೆ. ಇರುವೆ ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಬೇಕು. ಗಾಳಿ ನಿಂತು ಸೆಖೆ ಏರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅವರ ಎಡಮಂಡಿ ನೋಯಬೇಕು. ಇಷ್ಟೆಲ್ಲ ಕೂಡಿದ ಮೇಲೆ "ಮಣೆ ತನ್ನಿ" ಎನ್ನುತ್ತಾರೆ.

"ಬಸ್ಸು ಬರೋದು ಕಂಡ ಮೇಲೆ ಕೈ ಅಡ್ಡ ಹಾಕಿ, ನಾನೇ ನಿಲ್ಲಿಸ್ದೆ ಅಂತಾಳೆ" ಎನ್ನುತ್ತಾರೆ ತಾತ.

"ಕೈ ಅಡ್ಡ ಹಾಕ್ದೆ ನಮ್ಮೂರಲ್ಲಿ ಯಾವ ಬಸ್ಸು ನಿಲ್ತದಯ್ಯಾ?" ಎನ್ನುತ್ತಾರೆ ಅಜ್ಜಿ.

ನಮ್ಮೂರಿನಲ್ಲಿ ಬಸ್ಸು ಹತ್ತಿದ ಯಾರನ್ನು ಕೇಳಿದರೂ ಅಜ್ಜಿ ಹೇಳಿದ್ದೇ ಸರಿ ಎನ್ನುತ್ತಾರೆ.

ಹೀಗಿರುವಾಗ ಪಂಚಾಯತಿ ಕಚೇರಿಯ ಆವರಣಕ್ಕೆ ಮಳೆ ಅಳೆಯುವ ಯಂತ್ರ ಬಂತು. ಎದೆಯೆತ್ತರದ ಸಿಮೆಂಟು ಕಟ್ಟೆ, ಅದರ ಮೇಲೆ ಬಿಳಿ ಡಬ್ಬ, ಡಬ್ಬದ ತಲೆಗೆ ಒಂದು ಗೇಣಗಲದ ಆಲಿಕೆ. ಆಲಿಕೆಗೆ ಬಿದ್ದ ನೀರು ಒಳಗಿರುವ ಎರಡು ಪುಟ್ಟ ಬಟ್ಟಲುಗಳಿಗೆ ಇಳಿಯುತ್ತದೆ. ಅವು ಮಕ್ಕಳ ಏತದ ಹಲಗೆಯ ಹಾಗೆ. ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ವಾಲಿತು ಎಂಬುದನ್ನು ಒಳಗಿನ ಸಿಮ್ ಕಾರ್ಡು ಬೆಂಗಳೂರಿಗೆ ಹೇಳುತ್ತದೆ. ಪಕ್ಕದಲ್ಲೊಂದು ಸೋಲಾರ್ ಹಲಗೆ. ಸುತ್ತ ತಂತಿ ಬೇಲಿ, ಬೇಲಿಗೆ ಬಾಗಿಲು. ಬಾಗಿಲಿಗೆ ಬೀಗವಿಲ್ಲ, ಬೈಂಡಿಂಗ್ ವೈರು ಸುತ್ತಿದೆ.

ಅಜ್ಜಿಗೆ ಅದು ಮೊದಲ ದಿನದಿಂದಲೂ ಹಿಡಿಸಲಿಲ್ಲ. "ಮಳೆ ಬಂದ್ರೆ ಮೈ ನೆನೀತದೆ. ಅದನ್ನ ಬೆಂಗಳೂರೋರು ನಮಗೆ ಹೇಳ್ಬೇಕಾ?" ಎಂದರು.

ಅದರ ಲೆಕ್ಕವನ್ನು ಊರಿಗೆ ತಿಳಿಸಲು ಮೇಘನ ಎಂಬ ಕೃಷಿ ಸಹಾಯಕಿ ಬಂದರು. ಶ್ರೀನಿವಾಸಪುರದವರು, ಸ್ಕೂಟರಿನಲ್ಲಿ ಓಡಾಡುತ್ತಾರೆ. ಸಂಜೆ ಡೇರಿಗೆ ಹಾಲು ಹಾಕಲು ಜನ ಸೇರಿದ್ದಾಗ, ಕ್ಯಾನುಗಳ ನಡುವೆ ನಿಂತು ಮಳೆ ಸೂಚ್ಯಂಕ ಎಂದು ಶುರುಮಾಡಿದರು. ಜನ ಕ್ಯಾನುಗಳನ್ನೇ ನೋಡುತ್ತಿದ್ದರು. ಆಗ ಅವರು ಮಾತನ್ನು ನಿಲ್ಲಿಸಿ ಅಜ್ಜಿಯ ಕಡೆ ತಿರುಗಿದರು.

"ಅಜ್ಜಿ, ನಿಮ್ಮ ಸೀಮೆಹಸು ಹೊತ್ತಿಗೆ ಎಷ್ಟು ಕೊಡ್ತದೆ?"

"ಎಂಟು ಲೀಟ್ರು."

"ಏಳು ಕೊಟ್ರೆ?"

"ಬಿಸಿಲಿಗೆ ಹಂಗಾಗಿರ್ಬೇಕು ಅಂತ ಸುಮ್ನಾಗ್ತೀನಿ."

"ಮೂರು ಕೊಟ್ರೆ?"

"ಡಾಕ್ಟ್ರನ್ನ ಕರೀತೀನಿ."

"ನಾಟಿ ಹಸು ಮೂರು ಕೊಟ್ರೆ?"

"ತೆಂಗಿನಕಾಯಿ ಒಡೀತೀನಿ!"

ಜನ ನಕ್ಕರು. ಮೇಘನ ಕೂಡ ನಕ್ಕು, "ಅಷ್ಟೇ ಅಜ್ಜಿ ಲೆಕ್ಕ" ಎಂದರು. ಅವರು ಹೇಳಿದ್ದು ಇಷ್ಟು. ಬರೀ ಮಳೆ ಎಷ್ಟು ಬಿತ್ತು ಎಂದು ನೋಡಿದರೆ ಬರ ತಿಳಿಯುವುದಿಲ್ಲ. ಈ ಊರಿಗೆ, ಈ ತಿಂಗಳಿಗೆ, ಕಳೆದ ಮೂವತ್ತು ವರ್ಷದಲ್ಲಿ ಎಷ್ಟು ಬೀಳುವುದು ರೂಢಿ, ಆ ರೂಢಿ ಸಾಮಾನ್ಯವಾಗಿ ಎಷ್ಟು ಹಿಂದೆ ಮುಂದೆ ಆಗುತ್ತದೆ, ಈ ಸಲದ್ದು ಅದರಿಂದ ಎಷ್ಟು ದೂರ ಹೋಗಿದೆ ಎಂದು ನೋಡಬೇಕು. ಸೊನ್ನೆ ಎಂದರೆ ವಾಡಿಕೆ. ಮೈನಸ್ ಒಂದು ದಾಟಿದರೆ ಒಣ, ಒಂದೂವರೆ ದಾಟಿದರೆ ತೀವ್ರ, ಎರಡು ದಾಟಿದರೆ ವಿಪರೀತ. ಪ್ಲಸ್ ಕಡೆಗೂ ಹಾಗೇ, ತೇವ ಹೆಚ್ಚುತ್ತಾ ಹೋಗುತ್ತದೆ.

"ಮೂವತ್ತು ವರ್ಷದಿಂದ ನಡ್ಕಂಡು ಬಂದಿದ್ದೆಲ್ಲ ವಾಡಿಕೆನಾ ತಾಯಿ?" ತಾತ ಕೇಳಿದರು.

"ಹೌದು ತಾತ."

"ಹಂಗಾದ್ರೆ ನಮ್ಮನೇಲಿ ದಿನಾ ಜಗಳ ಆದ್ರೆ ಸೊನ್ನೆ. ಒಂದಿನ ಆಗ್ದಿದ್ರೆ ಮೈನಸ್ಸು. ಇವಳು ನನ್ನ ಹೊಗಳಿದ್ರೆ ಪ್ರವಾಹ."

"ಪ್ರವಾಹ ಬರಲ್ಲ, ಧೈರ್ಯವಾಗಿರಯ್ಯಾ" ಎಂದರು ಅಜ್ಜಿ.

ಡೇರಿ ಕಾರ್ಯದರ್ಶಿ ಮುನೇಶಣ್ಣನಿಗೆ ಮಾತ್ರ ಲೆಕ್ಕದ ಇನ್ನೊಂದು ತುದಿ ಬೇಕಿತ್ತು. ಯಾವ ಮೈನಸ್ಸಿಗೆ ಏನು ಸಿಗುತ್ತದೆ ಎಂದು ಕೇಳಿದ. ತಿಂಗಳ ಕೊನೆಗೆ ಒಂದೂವರೆಗಿಂತ ಕೆಳಗಿದ್ದ ಪಂಚಾಯತಿಗಳಲ್ಲಿ ಮೇವು ಬ್ಯಾಂಕ್ ತೆರೆಯುತ್ತಾರೆ ಎಂದು ಮೇಘನ ಹೇಳಿದರು. ಮೇವು ಬ್ಯಾಂಕ್ ಎಂದರೆ ಹೊರಗಿನಿಂದ ಲಾರಿಯಲ್ಲಿ ಒಣಹುಲ್ಲು ತಂದು ದನ ಇರುವವರಿಗೆ ಹಂಚುವ ಜಾಗ. ಅವತ್ತಿನಿಂದ ಮುನೇಶಣ್ಣ ಹಾಲಿನ ಡಿಗ್ರಿಗಿಂತ ಹೆಚ್ಚಾಗಿ ಮೈನಸ್ಸನ್ನೇ ನೋಡತೊಡಗಿದ.

ಈ ವರ್ಷದ ಆಗಸ್ಟ್ ತಿಂಗಳು ನಮ್ಮಲ್ಲಿ ಹೇಗಿತ್ತು ಎಂದರೆ, ಮೋಡ ಬರುತ್ತಿತ್ತು, ನೋಡುತ್ತಿತ್ತು, ಆಂಧ್ರದ ಕಡೆ ಹೋಗುತ್ತಿತ್ತು. ಎರಡು ಸಲ ಹನಿಯಿತು, ಅಷ್ಟೇ. ರಾಗಿ ಪೈರು ಬೆರಳುದ್ದ ಎದ್ದು ಅಲ್ಲೇ ಸುರುಟಿಕೊಂಡಿತು. ಅಜ್ಜಿಯ ಹಿತ್ತಲಿನ ರಾಗಿ ಹುಲ್ಲಿನ ಮೆದೆ ಕರಗುತ್ತಾ ಬಂದು, ಕೆಳಗೆ ಜೋಡಿಸಿದ್ದ ಕಲ್ಲು ಕಾಣಿಸುತ್ತಿತ್ತು. ಸೀಮೆಹಸು ಗಬ್ಬ. ಹೊಟ್ಟೆ ತುಂಬ ಹಾಕದಿದ್ದರೆ ಕರುವಿಗೂ ಇಲ್ಲ, ಹಾಲಿಗೂ ಇಲ್ಲ. ಹುಲ್ಲು ಮುಗಿದರೆ ಅದನ್ನು ಸಂತೆಗೆ ಹೊಡೆಯುವುದೊಂದೇ ದಾರಿ ಎಂದು ತಾತ ಹೇಳಿದ್ದರು. ತಮಾಷೆಯಿಲ್ಲದೆ ತಾತ ಹೇಳಿದ ಮಾತು ಅದೊಂದೇ ಇರಬೇಕು. ಅಜ್ಜಿ ಆ ಹಸುವನ್ನು ಕರುವಿನಿಂದ ಸಾಕಿದವರು. ಬೈಯುವಾಗಲೂ ಅದಕ್ಕೆ 'ನಮ್ಮಮ್ಮ' ಎನ್ನುತ್ತಾರೆ. ತಾತನಿಗೆ ಹಾಗೆ ಏನೂ ಅಂದದ್ದು ಕೇಳಿಲ್ಲ.

ತಿಂಗಳ ಕೊನೆ ಹತ್ತಿರವಾದಂತೆ ಊರು ಎರಡಾಯಿತು. ಪೈರು ಇದ್ದವರು ಮಳೆ ಬರಲಿ ಎಂದರು. ಪೈರು ಹೋಗಿ ಹಸು ಮಾತ್ರ ಉಳಿದವರು, ಬರುವುದಿದ್ದರೆ ತಿಂಗಳು ಮುಗಿದ ಮೇಲೆ ಬರಲಿ ಎಂದರು. ಅಜ್ಜಿಯ ಜಗಲಿಗೆ ಎರಡೂ ಕಡೆಯವರು ಬಂದರು.

"ತಲೆ ಇಟ್ಕಂಡೂ ಸುಮ್ನೆ ಕೂತಿದ್ಯಲ್ಲಕ್ಕಾ, ಪೈರು ಒಣಗ್ತಾ ಐತೆ" ಎಂದರು ಹೆಂಗಸರು.

"ಅಜ್ಜೀ, ಒಂದು ವಾರ ತಡ್ಕೊಳ್ಳಿ" ಎಂದ ಮುನೇಶಣ್ಣ. "ಈಗ ಮೈನಸ್ ಒಂದು ಪಾಯಿಂಟ್ ಏಳಲ್ಲಿದೀವಿ. ಇಂಥಾ ಮೈನಸ್ಸು ಮತ್ತೆ ಸಿಗಲ್ಲ. ಈಗ ಮಳೆ ಬಂದ್ರೆ ಮೇವು ಹೋಯ್ತು."

"ಮಳೆ ಬಂದ್ರೆ ಹುಲ್ಲು ಬರಲ್ವೇನೋ?" ಎಂದರು ಅಜ್ಜಿ.

"ಬರ್ತದೆ. ಹುಲ್ಲು ಬರಕ್ಕೆ ಒಂದು ತಿಂಗಳು, ಲಾರಿ ಬರಕ್ಕೆ ಒಂದು ದಿನ."

"ಮೈನಸ್ ಆಗ್ಲಿ ಅಂತ ಮಳೆ ಬೇಡ ಅನ್ನೋ ಕಾಲ ಬಂತಾ! ಹೋಗೋ, ನಿನ್ ಡೇರಿ ಹಾಳಾಗ."

ಅಜ್ಜಿಯ ಎಡಮಂಡಿ ಆಗ ನೋಯುತ್ತಿರಲಿಲ್ಲ. ಇರುವೆಗಳು ನೆಮ್ಮದಿಯಾಗಿ ನೆಲದ ಮೇಲೇ ಓಡಾಡುತ್ತಿದ್ದವು. ಬೇರೆ ವರ್ಷವಾಗಿದ್ದರೆ ಅವರು ಖಂಡಿತ ಹೊರುತ್ತಿರಲಿಲ್ಲ. ಆದರೆ ತಲೆ ಇಟ್ಟುಕೊಂಡೂ ಎಂಬ ಮಾತು ನಾಟಿತ್ತು. "ಮಣೆ ತನ್ನಿ" ಎಂದರು. ತಾತ ಬೀಡಿ ಹಚ್ಚುತ್ತಾ, "ಬಸ್ಸೇ ಇಲ್ಲ, ಕೈ ಅಡ್ಡ ಹಾಕ್ತಾವ್ಳೆ" ಎಂದರು.

ಮೆರವಣಿಗೆ ಚೆನ್ನಾಗಿಯೇ ಆಯಿತು. ನೀರಿಗೆ ಬರವಿದ್ದುದರಿಂದ ಬಿಂದಿಗೆಯ ಬದಲು ಚೊಂಬಿನಲ್ಲಿ ಸುರಿದರು. ತೊಂದರೆ ಬಂದದ್ದು ಕೊನೆಯಲ್ಲಿ. ಊರು ಸುತ್ತಿದ ಮಳೆರಾಯನನ್ನು ಮಳೆನೀರು ಸೇರುವ ಜಾಗದಲ್ಲಿ ಬಿಡಬೇಕು. ಅದು ಕಟ್ಟಳೆ. ಎಂದಿನಂತೆ ಕೆರೆಗೆ ಹೋದರೆ ಕೆರೆಯಲ್ಲಿ ಹುಡುಗರ ಕ್ರಿಕೆಟ್ಟು ನಡೆದಿತ್ತು. ಪಕ್ಕದೂರಿನ ಕೆರೆಯಲ್ಲಿ ನೀರಿದೆ ಎಂದು ಯಾರೋ ಹೇಳಿದರು. ಅದು ಬೆಂಗಳೂರಿನ ಚರಂಡಿ ನೀರನ್ನು ಶುದ್ಧಮಾಡಿ ಪೈಪಿನಲ್ಲಿ ಬಿಟ್ಟದ್ದು.

"ಬೆಂಗಳೂರೋರ ಬಚ್ಚಲ ನೀರಲ್ಲಿ ಮಳೆರಾಯನ್ನ ಬಿಡೋದಾ? ಅವನು ಬರೋದಿರ್ಲಿ, ಓಡ್ಹೋಗ್ತಾನೆ" ಎಂದರು ಅಜ್ಜಿ. "ಮಳೆ ನೀರು ಸೇರೋ ಜಾಗ ಬೇಕು."

ಹೆಂಗಸರು ಯೋಚಿಸಿದರು. ಬಾವಿ ಮುಚ್ಚಿ ವರ್ಷಗಳಾಗಿದ್ದವು. ಊರ ಹೊಂಡವಾದ ಕುಂಟೆಯಲ್ಲಿ ಪಂಚಾಯತಿಯವರೇ ಕಸ ಸುರಿಯುತ್ತಿದ್ದರು. ಊರಿನಲ್ಲಿ ಮಳೆನೀರು ಸೇರಲಿ ಎಂದೇ ಇಟ್ಟ, ಬೇರೆ ಯಾವ ನೀರೂ ಸೋಕದ, ಸುತ್ತ ಬೇಲಿ ಹಾಕಿ ಮಡಿಯಾಗಿ ಕಾಪಾಡಿದ ಜಾಗ ಒಂದೇ ಒಂದು ಉಳಿದಿತ್ತು. ಎಲ್ಲರಿಗೂ ಅದು ಒಟ್ಟಿಗೇ ಹೊಳೆಯಿತು. ಯಾರು ಮೊದಲು ಹೇಳಿದರು ಎಂದು ಎಷ್ಟು ವಿಚಾರಿಸಿದರೂ ಗೊತ್ತಾಗಲಿಲ್ಲ.

ಅವತ್ತು ರಜೆ, ಪಂಚಾಯತಿ ಕಚೇರಿಗೆ ಬೀಗ. ಬೈಂಡಿಂಗ್ ವೈರು ಬಿಚ್ಚಿ ಒಳಗೆ ಹೋದರು. ಬೊಂಬೆ ಆಲಿಕೆಯಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕರ್ಪೂರ ಹಚ್ಚಿ, ಅಜ್ಜಿ ಮೂರು ಚೊಂಬು ನೀರನ್ನು ನಿಧಾನವಾಗಿ, ಭಕ್ತಿಯಿಂದ, ಒಂದರ ಹಿಂದೆ ಒಂದು ಸುರಿದರು. ಮಳೆರಾಯ ಕರಗಿ ಒಳಗಿಳಿದ. ಡಬ್ಬದೊಳಗೆ ಟಕ್ಕು ಟಕ್ಕು ಎಂದು ಸದ್ದಾಯಿತು. "ಕೇಳಿಸ್ಕಂಡ, ಹೂಂ ಅಂತಾವ್ನೆ" ಎಂದು ಹೆಂಗಸರು ಕೈಮುಗಿದರು.

ಮಾರನೆಯ ಬೆಳಿಗ್ಗೆ ಎಲ್ಲರ ಫೋನಿಗೂ ದಿನದ ಮಳೆ ವರದಿ ಬಂತು. ಸುತ್ತಮುತ್ತಲಿನ ಪಂಚಾಯತಿಗಳೆಲ್ಲ ಸೊನ್ನೆ. ನಮ್ಮ ಪಂಚಾಯತಿ, ಎಂಬತ್ತೇಳು ಮಿಲಿಮೀಟರ್.

ಆ ಆಲಿಕೆಯ ಅಗಲಕ್ಕೆ ಒಂದು ಲೀಟರಿನ ಚೊಂಬು ಎಂದರೆ ಮೂವತ್ತು ಮಿಲಿಮೀಟರಿನ ಮೇಲಾಗುತ್ತದೆ. ನಾನು ಎರಡು ಸಲ ಗುಣಿಸಿ ನೋಡಿದ್ದೇನೆ. ಮೂರು ಚೊಂಬಿಗೆ ನಮ್ಮ ಕಡೆಯ ಹೆಚ್ಚುಕಡಿಮೆ ಒಂದು ತಿಂಗಳ ಮಳೆ. ಆದರೆ ಅವತ್ತು ಯಾರೂ ಗುಣಿಸಲಿಲ್ಲ.

ಮೊದಲು ಮಾಲೂರಿನಿಂದ ಅಜ್ಜಿಯ ಮಗಳು ಸುನಂದ ಫೋನ್ ಮಾಡಿದಳು. "ಅಮ್ಮಾ, ಎಂಬತ್ತೇಳಂತೆ! ಕೆರೆ ತುಂಬ್ತಾ?"

ಅಜ್ಜಿ ಬಾಗಿಲಿಗೆ ಬಂದು ನೋಡಿದರು. ಅಂಗಳದಲ್ಲಿ ತಟ್ಟಿದ್ದ ಬೆರಣಿ ಗರಿಗರಿಯಾಗಿ ಒಣಗಿತ್ತು. ಫೋನಿಗೆ, "ತುಂಬೋ ಹಂಗೆ ಐತೆ" ಎಂದರು.

"ರಾತ್ರಿ ಬಂದಿರ್ಬೇಕು" ಎಂದರು ತಾತ, ಬೆರಣಿಯನ್ನೊಂದು ಎತ್ತಿ ಬಡಿದು ನೋಡಿ. "ಬಲೇ ಮರ್ಯಾದಸ್ಥ ಮಳೆ. ಯಾರ ಬೆರಣಿಗೂ ತೊಂದ್ರೆ ಕೊಡ್ದೆ ಬಂದು ಹೋಗೈತೆ."

"ನಾನು ಮಳೆ ಬಂತು ಅಂದೆನಾ? ಅವಳು ಎಂಬತ್ತೇಳು ಅಂದ್ಳು, ನಾನು ಹೂಂ ಅಂದೆ. ನಾನು ನೀರು ಬಿಟ್ಟಿದ್ದು ದೇವರ ಮೇಲೆ. ಅದನ್ನ ಮಳೆ ಅಂದಿದ್ದು ಆ ಡಬ್ಬ."

ಹೀಗೆ ಹೂಂ ಅನ್ನುವುದು ಬೆಳೆಯಿತು. ಮುಳಬಾಗಿಲಿನಿಂದ ನೆಂಟರು ಕೇಳಿದರು, ಹೂಂ. ಬೈರಕೂರಿನ ಟೀ ಅಂಗಡಿಯಲ್ಲಿ ಕೇಳಿದರು, ಹೂಂ. ಮೂರನೆಯ ದಿನ ಹೋಳೂರಿನಿಂದ ಗಂಗಾಲಕ್ಷ್ಮಿ ಎಂಬ ಹೆಂಗಸು ನಾಲ್ಕು ಜನರೊಂದಿಗೆ ಆಟೋದಲ್ಲಿ ಬಂದಿಳಿದರು. ತಟ್ಟೆಯಲ್ಲಿ ತಾಂಬೂಲ, ಬಾಳೆಹಣ್ಣು, ನೇರಳೆ ಬಣ್ಣದ ಜರಿಯಂಚಿನ ಸೀರೆ.

"ಸುತ್ತ ಹನಿ ಇಲ್ಲ, ನಿಮ್ಮೂರಿಗೊಂದಕ್ಕೇ ಕರೆಸ್ಕಂಡ್ರಿ ಅಂತ ಕೇಳ್ದೆ ಕಣಮ್ಮ. ನಮ್ಮೂರಿಗೂ ಒಂದು ಸಲ ಹೊತ್ಕೊಡಿ. ಸೋಮವಾರ ನಾವೇ ಬಂದು ಕರ್ಕೊಂಡು ಹೋಗ್ತೀವಿ."

ಅಜ್ಜಿಯ ಜೀವನದಲ್ಲಿ ಬೇರೆ ತಾಲ್ಲೂಕಿನವರು ಸೀರೆ ಹಿಡಿದು ಬಂದದ್ದು ಅದೇ ಮೊದಲು. ಅವರು ತಾತನ ಕಡೆ ಒಮ್ಮೆ ನೋಡಿ, ಸೀರೆ ತೆಗೆದುಕೊಂಡರು. ತಾತ ಆಕಾಶ ನೋಡುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ.

ಶನಿವಾರ ಮೇವು ಬ್ಯಾಂಕುಗಳ ಪಟ್ಟಿ ಬಂತು. ಅಕ್ಕಪಕ್ಕದ ಪಂಚಾಯತಿಗಳೆಲ್ಲ ಇದ್ದವು. ನಮ್ಮದಿರಲಿಲ್ಲ. ನಮ್ಮ ಸೂಚ್ಯಂಕ ಮೈನಸ್ ಒಂದು ಪಾಯಿಂಟ್ ಏಳರಿಂದ ಎದ್ದು, ಸೊನ್ನೆಯನ್ನು ದಾಟಿ, ಪ್ಲಸ್ ಸೊನ್ನೆ ಪಾಯಿಂಟ್ ಎರಡರಲ್ಲಿ ಕೂತಿತ್ತು. ಮುಂದೆ 'ವಾಡಿಕೆ' ಎಂದು ಬರೆದಿತ್ತು.

ಮುನೇಶಣ್ಣ ಓಡಿ ಬಂದ. "ಅಯ್ಯೋ ದೇವುಡಾ! ಅಜ್ಜೀ, ನಾವೀಗ ವಾಡಿಕೆಯಂತೆ! ಕಾಗದದ ಮೇಲೆ ನಾವು ನೆನೆದು ತೊಪ್ಪೆಯಾಗಿದೀವಿ. ಹಸುಗಳಿಗೆ ಏನು ಕಾಗದ ಹಾಕೋದಾ?"

ಅವನ ಹಿಂದೆಯೇ ಮೇಘನ ಬಂದರು. ಅವರಿಗೆ ಆ ಸಂಖ್ಯೆಯ ಮೇಲೆ ಮೊದಲೇ ಅನುಮಾನ ಬಂದು ವರದಿ ಮಾಡಿದ್ದರು. ಯಂತ್ರ ನೋಡುವ ಅಮರನಾಥ್ ಎಂಬುವರು ಸೋಮವಾರ ಬರುತ್ತಾರೆ ಎಂದರು. "ಆ ದಿನದ ಅಂಕಿ ತಪ್ಪು ಅಂತ ರುಜುವಾದ್ರೆ ತೆಗೆದುಹಾಕಿ ಮತ್ತೆ ಲೆಕ್ಕ ಹಾಕ್ತಾರೆ. ಆದ್ರೆ ಹೆಂಗೆ ತಪ್ಪಾಯ್ತು ಅಂತ ಯಾರಾದ್ರೂ ಅವರ ಮುಂದೆ ಹೇಳ್ಬೇಕು. ಮಳೆ ಬಿದ್ದಿಲ್ಲ ಅಂತ ಬರೀ ಬಾಯಲ್ಲಿ ಹೇಳಿದ್ರೆ ಆಗಲ್ಲ. ಪರಿಹಾರದ ಕಾಲದಲ್ಲಿ ಎಲ್ಲ ಊರಲ್ಲೂ ಹಂಗೇ ಹೇಳ್ತಾರೆ."

ಜಗಲಿಯ ಮೇಲಿದ್ದ ಹೆಂಗಸರೆಲ್ಲ ನೆಲ ನೋಡಿದರು. ಸರ್ಕಾರದ ಯಂತ್ರಕ್ಕೆ ನೀರು ಸುರಿದದ್ದಕ್ಕೆ ಕೇಸಾಗುತ್ತದೆ ಎಂದು ಯಾರೋ ಹೆದರಿಸಿದ್ದರು. ಅಜ್ಜಿಗೆ ಕೇಸಿನ ಭಯವಿರಲಿಲ್ಲ. ಸೋಮವಾರ ಎಂಬ ಮಾತಿಗೆ ಮಾತ್ರ ಅವರ ಕೈ ಎಲೆಯಡಿಕೆ ಚೀಲದ ಮೇಲೇ ನಿಂತಿತು. ಹೋಳೂರಿನವರು ಬರುವುದೂ ಸೋಮವಾರ.

ಆ ಎರಡು ದಿನ ಅಜ್ಜಿ ತಾತನೊಂದಿಗೆ ಜಗಳವಾಡಲಿಲ್ಲ. ಮೇಘನ ಹೇಳಿದ ಲೆಕ್ಕದಲ್ಲಿ ಅದು ವಿಪರೀತ ಮೈನಸ್ಸು. ಭಾನುವಾರ ಸಂಜೆ ಹಸುವಿಗೆ ಮೇವು ಹಾಕಲು ಹೋದವರು, ಮೆದೆಯ ಕಲ್ಲುಗಳ ಸಂದಿಯಿಂದ ಹುಲ್ಲು ಕೆದಕಿ ತಂದರು. ಹಸು ಅದನ್ನು ಮೂಸಿ ಅವರ ಮುಖ ನೋಡಿತು.

"ಏನಮ್ಮಾ, ನೀನೂ ನನ್ನೇ ನೋಡ್ತೀಯಾ?" ಎಂದರು ಅಜ್ಜಿ.

"ಚಿಕ್ಕ ಮಕ್ಕಳ ಮೇಲೆ ಹಾಕೋಣ. ಆಟ ಆಡ್ತಾ ನೀರು ಹಾಕ್ದೋ ಅಂತ. ಮಕ್ಕಳ ಮೇಲೆ ಯಾರು ಕೇಸ್ ಹಾಕ್ತಾರೆ?" ಎಂದು ಮುನೇಶಣ್ಣ ಉಪಾಯ ಹೇಳಿದ್ದ. ಅಜ್ಜಿ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

ಸೋಮವಾರ ಅಮರನಾಥ್ ಅವರು ಬ್ಯಾಗು ಹಿಡಿದು ಬಂದು ಬೈಂಡಿಂಗ್ ವೈರು ಬಿಚ್ಚುತ್ತಿದ್ದಾಗಲೇ ಹೋಳೂರಿನ ಆಟೋ ಬಂತು. ಅಜ್ಜಿ ಮನೆಯಲ್ಲಿಲ್ಲ, ಪಂಚಾಯತಿ ಹತ್ತಿರ ಇದ್ದಾರೆ ಎಂದು ಯಾರೋ ಹೇಳಿ, ಗಂಗಾಲಕ್ಷ್ಮಿ ಮತ್ತು ಅವರ ಜೊತೆಯವರು ನೇರವಾಗಿ ಬೇಲಿಯ ಹತ್ತಿರವೇ ಬಂದು ನಿಂತರು. ಊರೆಲ್ಲ ಅಲ್ಲೇ ಇತ್ತು.

ಅಮರನಾಥ್ ಮೊದಲು ಫೋನಿನಲ್ಲಿ ಏನೋ ನೋಡಿದರು. "ಎಂಬತ್ತೇಳು ಮಿಲಿಮೀಟರ್, ಅದೂ ಹತ್ತೇ ನಿಮಿಷದಲ್ಲಿ. ಆಮೇಲೆ ಒಂದು ಹನಿ ಇಲ್ಲ. ಇದು ಮಳೆಯಾಗಿದ್ರೆ ನಿಮ್ಮ ಪಂಚಾಯತಿ ಸೂರು ಆಂಧ್ರದಲ್ಲಿ ಇರಬೇಕಿತ್ತು" ಎಂದರು. ಆಮೇಲೆ ಆಲಿಕೆಯನ್ನು ಕಳಚಿ ಬಗ್ಗಿ ನೋಡಿದರು. ಅದರ ಕುತ್ತಿಗೆಯಲ್ಲಿ ಕೆರೆಮಣ್ಣು ಗಟ್ಟಿಯಾಗಿ ಕೂತಿತ್ತು. ಕಡ್ಡಿ ಹಾಕಿ ಕೆದಕಿದರು. ಮಣ್ಣಿನ ಜೊತೆ ಬಾಡಿದ ಗರಿಕೆ, ಒಂದು ತುಂಬೆ ಹೂ, ಬೊಂಬೆಯ ಕಣ್ಣಿಗೆಂದು ಇಟ್ಟಿದ್ದ ಎರಡು ಹುರುಳಿ ಕಾಳು ಬಂದವು. ಒಂದು ಹುರುಳಿ ಮೊಳಕೆಯೊಡೆದಿತ್ತು.

"ಇನ್ನು ಮಳೆ ಬಂದಿದ್ರೂ ಇದು ಸೊನ್ನೆ ಅಂತಿತ್ತು" ಎಂದರು ಅಮರನಾಥ್. "ಯಾರು ಹಾಕಿದ್ದು ಇದನ್ನ?"

ಮುನೇಶಣ್ಣ ಗಂಟಲು ಸರಿಮಾಡಿಕೊಂಡು, "ಸಾರ್, ಮಕ್ಕಳು..." ಎಂದ.

"ಯಾವ ಮಕ್ಕಳೋ? ನಿನ್ನ ಮಕ್ಕಳಾ?" ಅಜ್ಜಿ ಬೇಲಿಯ ಒಳಗೆ ಬಂದರು. ಸೊಂಟದಲ್ಲಿ ಚೊಂಬಿತ್ತು, ಚೊಂಬಿನಲ್ಲಿ ನೀರಿತ್ತು. ಮನೆಯಿಂದ ಹೊರಡುವಾಗಲೇ ತಂದಿದ್ದರು. "ನಾನೇ ಕಣಪ್ಪ ಹಾಕಿದ್ದು. ಮಳೆರಾಯನ್ನ ಬಿಡಕ್ಕೆ ಜಾಗ ಇರ್ಲಿಲ್ಲ. ಇದೇ ಚೊಂಬು, ಮೂರು ಸಲ. ಮಳೆಗಿಳೆ ಏನೂ ಬಂದಿಲ್ಲ. ಬೇಕಾದ್ರೆ ಅಳ್ಕೋ."

ಅಮರನಾಥ್ ಚೊಂಬನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿದರು. ಆಮೇಲೆ ಆಲಿಕೆಯನ್ನು ತೊಳೆದು ಒರೆಸಿ ಕೂರಿಸಿ, ಫೋನಿನಲ್ಲಿ ಪರೀಕ್ಷೆ ಎಂದು ಗುರುತು ಮಾಡಿ, "ಹಾಕಿ ಅಜ್ಜಿ" ಎಂದರು. ಅಜ್ಜಿ ಸುರಿದರು. ಟಕ್ಕು ಟಕ್ಕು ಎಂದಿತು. ಈ ಸಲ ಯಾರೂ ಕೈಮುಗಿಯಲಿಲ್ಲ.

"ಮೂವತ್ತೊಂದು" ಎಂದರು ಅಮರನಾಥ್, ಫೋನ್ ನೋಡಿ.

"ಮೂರು ಚೊಂಬಿಗೆ ತೊಂಬತ್ಮೂರಾಯ್ತು. ಎಂಬತ್ತೇಳು ಅಂದಿತ್ತಲ್ಲ, ಇನ್ನಾರು?" ಮುನೇಶಣ್ಣ ಕೇಳಿದ. ಸುಳ್ಳು ಸಿಕ್ಕಿಬಿದ್ದ ಮೇಲೂ ಲೆಕ್ಕ ಬಿಡುವವನಲ್ಲ.

"ಮಳೆರಾಯ ಕುಡ್ದ" ಎಂದರು ಅಜ್ಜಿ.

ಅಮರನಾಥ್ ಬರೆದುಕೊಂಡರು, ಅಜ್ಜಿಯ ಹೆಬ್ಬೆಟ್ಟು ಕೇಳಿದರು. ಅಜ್ಜಿ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದರು. ದೊ. ವೆಂಕಟಮ್ಮ ಎಂದು. ಮೇಘನ ಅವರಿಗೆ ನೆಮ್ಮದಿಯಾಗಿ, ಮುಂದಿನ ಸಲ ಆವರಣದಲ್ಲೇ ಬೇರೊಂದು ತೊಟ್ಟಿ ಇಡಿಸುತ್ತೇನೆ, ಅದರಲ್ಲಿ ಬಿಡಿ ಎಂದರು. ಬೇಲಿಯ ಬಾಗಿಲಿಗೆ ಬೀಗ ಬೇಕು ಎಂದೂ ಬರೆದುಕೊಂಡರು.

ಆಮೇಲೆ ಅಜ್ಜಿ ಗಂಗಾಲಕ್ಷ್ಮಿಯ ಕಡೆ ತಿರುಗಿದರು. ಸೆರಗಿನೊಳಗಿಂದ ಸೀರೆಯ ಪೊಟ್ಟಣ ತೆಗೆದರು. ಅದನ್ನೂ ಮನೆಯಿಂದಲೇ ತಂದಿದ್ದರು.

"ತಗೊಳಮ್ಮ. ಇದನ್ನ ಮಳೆಗೆ ಅಂತ ಕೊಟ್ರಿ, ಬಂದಿದ್ದು ಮೂರು ಚೊಂಬು ನೀರು. ಬಾಳೆಹಣ್ಣು ತಿಂದ್ಬಿಟ್ವಿ, ಅದು ಬರಲ್ಲ."

ಗಂಗಾಲಕ್ಷ್ಮಿ ಸೀರೆ ಇಸಿದುಕೊಂಡರು. ಬೇಡ, ಇರಲಿ ಎನ್ನಬಹುದಿತ್ತು. ಎನ್ನಲಿಲ್ಲ. ಒಳ್ಳೆಯ ಸೀರೆ. ಆದರೆ ಆಟೋ ಕಡೆ ಹೊರಟವರು ನಿಂತು, ಬಾಯಿಗೆ ಸೆರಗು ಮುಚ್ಚಿ ನಗಲು ಶುರುಮಾಡಿದರು. ಅವರ ಜೊತೆಯವರೂ ನಕ್ಕರು.

"ಅಲ್ಲಮ್ಮ, ನಮ್ಮೂರೋರು ಹತ್ತು ಸಲ ಅರ್ಜಿ ಕೊಟ್ರೂ ಬೆಂಗಳೂರೋರು ಒಂದು ಮಾತು ನಂಬಲ್ಲ. ನೀವು ಮೂರು ಚೊಂಬಿಗೆ ನಂಬಿಸಿದ್ರಲ್ಲ! ನಮ್ಮೂರಲ್ಲಿ ಬಾವಿ ಐತೆ, ಅದರಲ್ಲೇ ಬಿಡೋಣ. ಬನ್ನಿ, ಹೊತ್ಕೊಡಿ."

ಆಟೋ ಬಾಗಿಲ ಹತ್ತಿರವೇ ಇತ್ತು. ಸೀರೆ ಇನ್ನೂ ಗಂಗಾಲಕ್ಷ್ಮಿಯ ಕೈಯಲ್ಲೇ ಇತ್ತು. ಅಜ್ಜಿ ಎಡಗಾಲನ್ನು ಎತ್ತಿ, ಮಡಿಸಿ, ಚಾಚಿ ನೋಡಿದರು.

"ಮಂಡಿ ನೋಯ್ತಿಲ್ಲ ಕಣಮ್ಮ. ಬಂದ್ರೆ ಸುಳ್ಳಾಗ್ತದೆ. ನೋವು ಬಂದಾಗ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗಿ."

ಹೋಳೂರಿನವರು ಹೋದರು. ಸೀರೆಯೂ ಹೋಯಿತು. ಮಾಲೂರಿಗೆ ಫೋನ್ ಮಾಡಿ ಕೆರೆ ತುಂಬಿಲ್ಲ ಎಂದು ಮಗಳಿಗೆ ಅಜ್ಜಿಯೇ ಹೇಳಿದರು. ಸುನಂದ ತುಂಬ ಹೊತ್ತು ನಕ್ಕಳಂತೆ. ಅಜ್ಜಿ ಫೋನನ್ನು ದೂರ ಹಿಡಿದು, ನಗು ಮುಗಿದ ಮೇಲೆ ಕಿವಿಗೆ ಇಟ್ಟುಕೊಂಡರು.

ಎಂಬತ್ತೇಳನ್ನು ತೆಗೆದುಹಾಕಿದರು. ಸೂಚ್ಯಂಕ ಮತ್ತೆ ಕೆಳಗಿಳಿದು ತನ್ನ ಹಳೆಯ ಜಾಗದಲ್ಲಿ ಕೂತಿತು. ಮುನೇಶಣ್ಣ ಅದನ್ನು ಡೇರಿಯ ಹಲಗೆಯ ಮೇಲೆ ಹಾಲಿನ ದರದ ಪಕ್ಕದಲ್ಲಿ ಸೀಮೆಸುಣ್ಣದಿಂದ ದಪ್ಪಗೆ ಬರೆದ. ಬರಪೀಡಿತರೆಂದು ಗೊತ್ತಾಗಿ ಇಷ್ಟು ಖುಷಿಪಟ್ಟ ಊರನ್ನು ಅಮರನಾಥ್ ಬೇರೆಲ್ಲೂ ನೋಡಿರಲಾರರು.

ಮುಂದಿನ ವಾರ ಪಂಚಾಯತಿ ಆವರಣಕ್ಕೆ ಲಾರಿ ಬಂತು. ಹಸುವಿಗೆ ಇಷ್ಟು ಎಂದು ತೂಗಿ ಹೊರೆ ಕಟ್ಟಿಕೊಟ್ಟರು. ಅಜ್ಜಿ ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಹೊರೆ ಹೊತ್ತು ಮನೆಯ ಕಡೆ ನಡೆದರು. ಹೊಲಕ್ಕೆಂದು ತಂದ ಆ ತಲೆ ಹುಲ್ಲಿನೊಳಗೆ ಮುಚ್ಚಿಹೋಗಿತ್ತು. ದಾರಿಯಲ್ಲಿ ಸಿಕ್ಕ ಹೆಂಗಸರು ನಕ್ಕರು, ಆದರೆ ದಾರಿ ಬಿಟ್ಟರು. ತಾತ ಬೀಡಿ ಸೇದುತ್ತಾ ಹಿಂದೆ ಬಂದರು.

ಕೊಟ್ಟಿಗೆಯ ಮುಂದೆ ಅಜ್ಜಿ ನಿಂತಾಗ ತಾತ ಹೇಳಿದರು, "ಇಷ್ಟು ವರ್ಷಕ್ಕೆ ನಿನ್ ತಲೆ ಮೇಲೆ ಏನೋ ಒಂದು ಮನೆಗೆ ಬಂತು ಕಣೇ."

"ಬಂತಲ್ಲ, ಈಗ ಇಳಿಸಕ್ಕೆ ಕೈ ಹಾಕು" ಎಂದರು ಅಜ್ಜಿ, ಹೊರೆಯ ಕೆಳಗಿನಿಂದ. "ಇಲ್ಲಾ, ಅದಕ್ಕೂ ನಿಮ್ಮಪ್ಪ ಬೇರೆ ಊರಿಂದ ಇನ್ನೊಬ್ಬಳನ್ನ ತರಬೇಕಾ?"

ತಾತ ಬೀಡಿ ಬಿಸಾಡಿ ಕೈ ಹಾಕಿದರು. ಸೀಮೆಹಸು ಅಷ್ಟು ಕಾಯಲಿಲ್ಲ. ಕುತ್ತಿಗೆ ಚಾಚಿ, ಹೊರೆ ಇನ್ನೂ ಅಜ್ಜಿಯ ತಲೆಯ ಮೇಲಿದ್ದಾಗಲೇ ಒಂದು ಕಡೆಯಿಂದ ಎಳೆದು ತಿನ್ನತೊಡಗಿತು.